ಅಜ್ಜಿ ತಾಯಿತ, ತೂತಿನ ಕಾಸು, ಹವಳ: ಸರ ಕಟ್ಟೋದು ಹೀಗೆ

ಕೋಲಾರಮ್ಮನ ಗುಡೀಲಿರೋ ಚೇಳಮ್ಮಂಗೆ ನಡ್ಕೊಂಡ್ರೆ ಚೇಳು ಕಚ್ಚಲ್ಲ ಅಂತ ನಂಬೋ ಊರು ನಮ್ದು, ಹಳೇ ಬೆಳ್ಳಿ ತಾಯಿತ ಹುಡುಕಿದ್ರೆ ಯಾವ್ದೋ ಡಬ್ಬೀಲಿ ಸಿಕ್ಕೇ ಸಿಗುತ್ತೆ. ಅದಕ್ಕೊಂದು ಹಳೇ ಕಾಸು, ನಾಲ್ಕು ಕಲ್ಲು ಸೇರ್ಸಿ ಸರ ಮಾಡ್ಕೊಳ್ಳೋ ಹುಡುಗೀರು ಜಾಸ್ತಿ ಆಗಿದಾರೆ, ಚೆನ್ನಾಗೂ ಇರುತ್ತೆ, ಆದ್ರೆ ದಾರ ಕಿತ್ತು ಬಸ್ ಸ್ಟ್ಯಾಂಡ್ ತುಂಬಾ ಚೆಲ್ಲಿದ ಮಣೀನ ಬಗ್ಗಿ ಆರಿಸಿಕೊಟ್ಟು ನನಗೆ ಸಾಕಾಗಿದೆ.

ಮೊದಲು ಕಾಸು. ಡ್ರಿಲ್ ಹಾಕ್ಬೇಡಿ. 1943ರಿಂದ 1947ರವರೆಗೆ ಬಂದ ನಡುವೆ ತೂತಿರೋ ಕಂಚಿನ ಪೈಸೆ ಹುಡುಕಿ, ಯುದ್ಧದ ಕಾಲದಲ್ಲಿ ಲೋಹ ಉಳಿಸೋಕೆ ಹಾಗೆ ಮಾಡಿದ್ದು. ಹುಣಸೆಹಣ್ಣು ಹಾಕಿ ತಿಕ್ಕಿದ್ರೋ, ಆ ಹಳೇ ಬಣ್ಣ ಹೋಯ್ತು ಅಂತಾನೇ ಲೆಕ್ಕ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಸರಕ್ಕೆ ಹಾಕಿ ಅಮೆರಿಕದಲ್ಲಿರೋ ಮಗಳಿಗೆ ಕಳಿಸೋ ಹಾಗಿಲ್ಲ.

ಕಲ್ಲು ನಿಮ್ಮಿಷ್ಟ, ನಂಗೆ ಹವಳ, ಸ್ಫಟಿಕ ಸಾಕು. ಪಿರೋಜ (ಟರ್ಕಾಯ್ಸ್ ಅನ್ನೋ ನೀಲಿ ಕಲ್ಲು) ಅಂತ ಮಾರೋದ್ರಲ್ಲಿ ಬಣ್ಣ ಹಾಕಿದ ಬಿಳಿ ಕಲ್ಲೂ ಇರುತ್ತೆ, ಒಂದು ಮಣಿಗೆ ಹತ್ತೀಲಿ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಉಜ್ಜಿ, ನೀಲಿ ಹತ್ತಿದ್ರೆ ವಾಪಸ್ ಕೊಡಿ. ಹವಳಕ್ಕೆ ನಿಂಬೆಹುಳಿ ತಾಗಿಸ್ಬೇಡಿ, ತಿಂದುಬಿಡುತ್ತೆ. ಕಲ್ಲು ಹಾಕ್ಕೊಂಡೆ ಅಂತ ಬಿಪಿ ಮಾತ್ರೆ ಬಿಡೋರೂ ಇದಾರೆ, ದಯವಿಟ್ಟು ಬಿಡ್ಬೇಡಿ, ಕಲ್ಲಿಂದ ಕಾಯಿಲೆ ವಾಸಿಯಾಗುತ್ತೆ ಅನ್ನೋಕೆ ಪುರಾವೆ ಇಲ್ಲ.

ಈಗ ಗಂಟು, ಎಲ್ಲರೂ ಕೆಡಿಸೋದು ಇಲ್ಲೇ. ಎಲಾಸ್ಟಿಕ್ ಬೇಡವೇ ಬೇಡ, ಮೇಣ ಹಚ್ಚಿದ ನೈಲಾನ್ ದಾರ, ಸರದ ಉದ್ದದ ಮೂರರಷ್ಟು ತಗೊಳ್ಳಿ. ಒಂದು ಮಣಿ ಪೋಣಿಸಿ, ದಾರಾನ ಎರಡು ಬೆರಳಿಗೆ ಸುತ್ತಿ ಸಡಿಲವಾಗಿ ಕುಣಿಕೆ ಮಾಡಿ, ಪೋಣಿಸಿದ ತುದೀನ ಅದರೊಳಗಿಂದ ತೂರಿಸಿ. ಎಳೀಬೇಡಿ ಇನ್ನೂ! ಕುಣಿಕೆಯೊಳಗೆ ದಪ್ಪ ಸೂಜಿ ಇಟ್ಟು, ಸೂಜಿಯಿಂದಲೇ ಗಂಟನ್ನ ಮಣಿ ಬುಡಕ್ಕೆ ತಳ್ಕೊಂಡು ಹೋಗಿ, ಅದು ಮಣಿಗೆ ಒತ್ಕೊಂಡ ಮೇಲೆ ಸೂಜಿ ಮೆಲ್ಲಗೆ ಜಾರಿಸಿ, ಉಗುರಲ್ಲಿ ಒತ್ತಿ ಬಿಗಿ ಮಾಡಿ. ಅವಸರಕ್ಕೆ ಮೊದಲೇ ಸೂಜಿ ಕಿತ್ರೆ ಗಂಟು ದೂರದಲ್ಲೇ ಬಿಗಿದ್ಕೊಂಡು ಮಣಿ ಜೋಲಾಡುತ್ತೆ, ಬಿಚ್ಚೋಕೂ ಆಗಲ್ಲ. ಮಣಿ ಮಣಿಗೂ ಹೀಗೇ ಹಾಕಿ, ದಾರ ಕಿತ್ರೂ ಉದುರೋದು ಒಂದೋ ಎರಡೋ.

ಕಾಸಿನ ತೂತು ದೊಡ್ಡದು, ಗಂಟು ನಿಲ್ಲಲ್ಲ, ಅಂಚಿಗೆ ದಾರಾನೂ ಸವೆಯುತ್ತೆ. ಬೆಳ್ಳಿ ರಿಂಗ್ ಹಾಕಿ ತಾಯಿತದ ಪಕ್ಕ ತೂಗುಹಾಕಿ. ರಿಂಗ್ ಬಾಯನ್ನ ಅಗಲಿಸಬೇಡಿ, ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿ ಮುಂದಕ್ಕೆ, ಒಂದು ಹಿಂದಕ್ಕೆ ತಿರುಚಿ.

ಕೊಕ್ಕೆ ಕಟ್ಟಿ, ದಾರದ ತುದಿ ಲೈಟರಲ್ಲಿ ಸುಡಿ, ತಾಯಿತ ಮಾತ್ರ ದೂರ ಇರ್ಲಿ. ನಮ್ಮನೇದು ಅರಗಲ್ಲಿ ಮುಚ್ಚಿದ್ದು, ಬಿಸಿಗೆ ಕರಗಿ ಒಳಗಿನ ಚೀಟಿ ಈಚೆ ಬಂತು, ಅಜ್ಜಿ ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ.