ಅರಿವು ಮೂಡಿಸಿದರಷ್ಟೇ ಸಾಲದು: ಜನರ ವರ್ತನೆ ಬದಲಿಸುವ ಕಾರ್ಯಕ್ರಮ ರೂಪಿಸುವುದು ಹೇಗೆ?

ಸಾರ್ವಜನಿಕ ಕಾರ್ಯಕ್ರಮಗಳ ಕಡತ ತೆರೆದರೆ ‘ಉದ್ದೇಶ’ ಎಂಬಲ್ಲಿ ಮತ್ತೆ ಮತ್ತೆ ಕಾಣುವ ಮಾತು ‘ಅರಿವು ಮೂಡಿಸುವುದು’. ಪೋಸ್ಟರ್ ಅಚ್ಚಾಗುತ್ತದೆ, ಭಾಷಣ ನಡೆಯುತ್ತದೆ, ಹಣ ಖರ್ಚಾಗುತ್ತದೆ. ಜನ ಮಾತ್ರ ಮೊದಲಿನಂತೆಯೇ ಇರುತ್ತಾರೆ. ಆಮೇಲೆ ‘ಜನರಿಗೆ ಕಾಳಜಿಯೇ ಇಲ್ಲ’ ಎಂಬ ದೂರು ಬರುತ್ತದೆ. ಜನರನ್ನು ದೂರುವುದು ಅನ್ಯಾಯ. ಗೊತ್ತಿಲ್ಲದ ಕಾರಣಕ್ಕೇ ಮಾಡುತ್ತಿಲ್ಲ ಎಂದು ಯಾರನ್ನೂ ಕೇಳದೆ ತೀರ್ಮಾನಿಸಿದ್ದೇ ಮೊದಲ ತಪ್ಪು.

1. ಒಂದೇ ವರ್ತನೆ ಆರಿಸಿ

‘ಮಕ್ಕಳ ಆರೋಗ್ಯ ಸುಧಾರಣೆ’ ಎಂಬುದು ಫಲಿತಾಂಶ, ವರ್ತನೆಯಲ್ಲ. ಯಾರು, ಏನನ್ನು, ಎಲ್ಲಿ, ಯಾವಾಗ ಮಾಡಬೇಕು ಎಂಬುದು ಒಂದೇ ವಾಕ್ಯದಲ್ಲಿ ಬರಬೇಕು: ‘ಮೊದಲ ಡೋಸ್ ಪಡೆದ ಮಗುವನ್ನು ಹೆತ್ತವರು ನಿಗದಿತ ವಾರದೊಳಗೆ ಎರಡನೇ ಡೋಸ್‌ಗೆ ಲಸಿಕಾ ಕೇಂದ್ರಕ್ಕೆ ಕರೆತರುವುದು.’ ವಾಕ್ಯ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿಯಿದೆ. ಕಾರ್ಯಕ್ರಮದ ಬಗ್ಗೆ ಏನೂ ತಿಳಿಯದ ಒಬ್ಬರನ್ನು ಬಾಗಿಲ ಬಳಿ ಕೂರಿಸಿ, ಆ ವರ್ತನೆ ಕಂಡಾಗಲೆಲ್ಲ ಗೀಟು ಹಾಕಲು ಹೇಳಿ. ಅವರಿಗೆ ಎಣಿಸಲಾಗದಿದ್ದರೆ ವಾಕ್ಯವಿನ್ನೂ ಮಸುಕಾಗಿದೆ.

2. ಅಡ್ಡಿ ಎಲ್ಲಿದೆ, ಹುಡುಕಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಹೆಚ್ಚಿನವರು ಹಾರಿಸಿ ಮುಂದೆ ಹೋಗುವುದೂ ಇದನ್ನೇ. 2011ರಲ್ಲಿ ಮನಶ್ಶಾಸ್ತ್ರಜ್ಞೆ ಸೂಸನ್ ಮಿಕಿ ಮತ್ತು ಸಂಗಡಿಗರು ಮುಂದಿಟ್ಟ ‘ಕಾಮ್-ಬಿ’ ಮಾದರಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಯಾವುದೇ ವರ್ತನೆಗೆ ಸಾಮರ್ಥ್ಯ, ಅವಕಾಶ, ಪ್ರೇರಣೆ ಮೂರೂ ಬೇಕು ಎನ್ನುತ್ತದೆ ಅದು. ಹೆತ್ತವರಿಗೆ ತಾರೀಖು ನೆನಪಿದೆಯೇ? ಇದು ಸಾಮರ್ಥ್ಯ. ಕೇಂದ್ರ ತೆರೆದಿರುವ ಹೊತ್ತಿಗೆ ಅವರಿಗೆ ಬಿಡುವಿದೆಯೇ, ಮನೆಯವರ ಒಪ್ಪಿಗೆಯಿದೆಯೇ? ಇದು ಅವಕಾಶ. ಮೊದಲ ಡೋಸ್ ನಂತರ ಮಗುವಿಗೆ ಜ್ವರ ಬಂದದ್ದು ಅವರನ್ನು ಹೆದರಿಸಿದೆಯೇ? ಇದು ಪ್ರೇರಣೆ.

ಉತ್ತರ ಕಚೇರಿಯಲ್ಲಿ ಕೂತರೆ ಸಿಗದು. ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಒಂದು ಕ್ರಮವಿದೆ: ಆ ವರ್ತನೆಯನ್ನು ಪಾಲಿಸುವ 45 ಮಂದಿ, ಪಾಲಿಸದ 45 ಮಂದಿಯನ್ನು ಮಾತಾಡಿಸುವುದು. ಪಾಲಿಸುವವರಿಗೆ ‘ಯಾವುದರಿಂದ ಸುಲಭವಾಯಿತು, ಯಾವುದು ಕಷ್ಟವಾಯಿತು?’ ಎಂದು ಕೇಳಿ. ಉಳಿದವರಿಗೆ ‘ಯಾಕೆ ಬರಲಿಲ್ಲ?’ ಎಂದು ಕೇಳಬೇಡಿ. ಅದು ತಪ್ಪೊಪ್ಪಿಸುವ ಪ್ರಶ್ನೆ. ಎದುರಿನವರು ಮರ್ಯಾದೆ ಉಳಿಸಿಕೊಳ್ಳುವ ಉತ್ತರ ಕೊಟ್ಟು ಕಳಿಸುತ್ತಾರೆ. ‘ಬರಬೇಕೆಂದರೆ ಏನೇನು ಕಷ್ಟವಾಗುತ್ತದೆ?’ ಎಂದರೆ ಮಾತು ಬಿಚ್ಚುತ್ತದೆ.

ಆಮೇಲೆ ಎರಡೂ ಗುಂಪುಗಳ ಉತ್ತರ ಪಕ್ಕಪಕ್ಕ ಇಡಿ. ‘ಲಸಿಕೆ ಮಗುವಿಗೆ ಒಳ್ಳೆಯದು’ ಎಂದು ಇಬ್ಬರೂ ಸಮನಾಗಿ ಹೇಳುತ್ತಿದ್ದರೆ, ಲಸಿಕೆಯ ಮಹತ್ವ ಸಾರುವ ಪೋಸ್ಟರ್‌ನಿಂದ ಏನೂ ಆಗದು. ಉತ್ತರಗಳು ಎಲ್ಲಿ ಬೇರೆಯಾಗುತ್ತವೋ ಅಡ್ಡಿ ಇರುವುದು ಅಲ್ಲಿ.

3. ಅಡ್ಡಿಗೆ ತಕ್ಕ ಉಪಾಯ

ಕೌಶಲ ಇಲ್ಲದಿದ್ದರೆ ಕೈಹಿಡಿದು ಕಲಿಸಬೇಕು. ಅವಕಾಶ ಇಲ್ಲದಿದ್ದರೆ ಕೇಂದ್ರದ ಸಮಯ, ದೂರ, ಸರತಿ ಬದಲಾಗಬೇಕು. ಸಂಜೆ ಏಳರವರೆಗೆ ದುಡಿಯುವವರಿಗೆ ನಾಲ್ಕಕ್ಕೇ ಮುಚ್ಚುವ ಕೇಂದ್ರದ ಬಗ್ಗೆ ಎಷ್ಟು ಹೇಳಿದರೂ ಪ್ರಯೋಜನವಿಲ್ಲ.

ಮನಸ್ಸಿದೆ, ಅವಕಾಶವೂ ಇದೆ, ಆದರೂ ಕೆಲಸ ನಡೆಯುತ್ತಿಲ್ಲ ಎಂಬ ಸ್ಥಿತಿ ಬಹಳ ಸಾಮಾನ್ಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆದು 1965ರಲ್ಲಿ ಪ್ರಕಟವಾದ ಧನುರ್ವಾಯು ಲಸಿಕೆಯ ಪ್ರಯೋಗ ಇದಕ್ಕೆ ಕನ್ನಡಿ. ರೋಗದ ಬಗ್ಗೆ ಕರಪತ್ರ ಓದಿದವರಲ್ಲಿ ಲಸಿಕೆ ಹಾಕಿಸಿಕೊಂಡವರು ಸುಮಾರು ಶೇ 3. ಕರಪತ್ರದ ಜೊತೆಗೆ ಆರೋಗ್ಯ ಕೇಂದ್ರ ಗುರುತಿಸಿದ ನಕ್ಷೆ ಕೊಟ್ಟು, ಯಾವಾಗ ಹೋಗುತ್ತೀರಿ ಎಂದು ಯೋಚಿಸಲು ಹೇಳಿದಾಗ ಅದು ಶೇ 28ಕ್ಕೆ ಏರಿತು.

ಇದನ್ನು ಲಸಿಕೆ ಕಾರ್ಡಿಗೆ ಇಳಿಸುವುದು ಹೀಗೆ: ಕಾರ್ಡಿನ ಕೆಳತುದಿಯಲ್ಲಿ ‘ಎರಡನೇ ಡೋಸ್‌ಗೆ ನಾನು ಬರುವ ದಿನ ____, ಗಂಟೆ ____’ ಎಂದು ಎರಡು ಖಾಲಿ ಗೆರೆ. ಸಿಬ್ಬಂದಿ ತಾವೇ ತುಂಬಿಸಿ ಕೊಡಬಾರದು. ಪೆನ್ನನ್ನು ಹೆತ್ತವರ ಕೈಗೆ ಕೊಡಬೇಕು. ಬರೆಯಲು ಬಾರದವರಿಗೆ ಬಾಯಲ್ಲಿ ಹೇಳಿಸಿ, ಅವರ ಎದುರೇ ಬರೆದುಕೊಡಿ. ‘ಅವತ್ತು ಮಗುವನ್ನು ಕರೆತರುವವರು ಯಾರು?’ ಎಂಬುದನ್ನೂ ಕೇಳಿ. ಇದಕ್ಕೆ ಹಿಡಿಯುವುದು ಒಂದು ನಿಮಿಷ. 2011ರಲ್ಲಿ ಪ್ರಕಟವಾದ ಫ್ಲೂ ಲಸಿಕೆಯ ಅಧ್ಯಯನವೊಂದರಲ್ಲಿ, ದಿನ ಮತ್ತು ಸಮಯ ಬರೆದುಕೊಳ್ಳಲು ಸೂಚಿಸಿದ್ದರಿಂದ ಲಸಿಕೆ ಪಡೆದವರು ಶೇ 33ರಿಂದ ಶೇ 37ಕ್ಕೆ ಏರಿದರು. ಖರ್ಚಿಗೆ ಹೋಲಿಸಿದರೆ ನೂರಕ್ಕೆ ನಾಲ್ಕು ಮಂದಿ ಹೆಚ್ಚಾದದ್ದು ದೊಡ್ಡದೇ.

4. ತಿರುಗುಬಾಣದ ಬಗ್ಗೆ ಎಚ್ಚರ

ದಂಡ ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ವಿಧಿಸಿದಾಗ ತಡವಾಗಿ ಬರುವವರೇ ಹೆಚ್ಚಾದರು. ಅಲ್ಲಿಯವರೆಗೆ ಸಂಕೋಚ ಕಟ್ಟಿಹಾಕಿತ್ತು; ಹಣ ಕೊಟ್ಟ ಮೇಲೆ ಅದೊಂದು ಸೇವೆಯಂತೆ ಕಂಡಿತು. ದಂಡ ತೆಗೆದ ಮೇಲೂ ಹಳೆಯ ಶಿಸ್ತು ಮರಳಲಿಲ್ಲ. 2000ದಲ್ಲಿ ಈ ಅಧ್ಯಯನ ಪ್ರಕಟವಾಯಿತು.

ನೆರೆಹೊರೆಯ ಹೋಲಿಕೆಯೂ ಹೀಗೆಯೇ. ಕ್ಯಾಲಿಫೋರ್ನಿಯಾದ ಮನೆಗಳಿಗೆ ಅಕ್ಕಪಕ್ಕದವರ ಸರಾಸರಿ ವಿದ್ಯುತ್ ಬಳಕೆ ತಿಳಿಸಿದಾಗ ಹೆಚ್ಚು ಬಳಸುವವರು ಇಳಿಸಿದರು, ಕಡಿಮೆ ಬಳಸುತ್ತಿದ್ದವರು ಏರಿಸಿಬಿಟ್ಟರು. ಮೆಚ್ಚುಗೆಯ ಗುರುತಾಗಿ ಒಂದು ನಗುಮುಖದ ಚಿತ್ರ ಸೇರಿಸಿದಾಗ ಆ ಏರಿಕೆ ಕಾಣಲಿಲ್ಲ. ಅದೇ ಕಾರಣಕ್ಕೆ ‘ಅರ್ಧದಷ್ಟು ಜನ ಎರಡನೇ ಡೋಸ್ ತಪ್ಪಿಸುತ್ತಿದ್ದಾರೆ’ ಎಂದು ಬರೆಯಲೇಬೇಡಿ. ಬರದಿರುವುದೇ ವಾಡಿಕೆ ಎಂಬ ಸಂದೇಶ ಅದರಲ್ಲಿದೆ.

5. ಚಿಕ್ಕದಾಗಿ ಮಾಡಿ, ಅಳೆಯಿರಿ

ಶುರು ಮಾಡುವ ಮೊದಲಿನ ಅಂಕಿಅಂಶ ಕೈಯಲ್ಲಿರಲಿ. ಕೇಂದ್ರಗಳ ಪಟ್ಟಿಯಿಂದ ಚೀಟಿ ಎತ್ತಿ, ಅರ್ಧದಲ್ಲಿ ಹೊಸ ಕಾರ್ಡ್, ಅರ್ಧದಲ್ಲಿ ಹಳೆಯದು ಕೊಡಿ. ಒಂದೇ ಕೇಂದ್ರದಲ್ಲಿ ಎರಡನ್ನೂ ಕೊಟ್ಟರೆ ಸಿಬ್ಬಂದಿ ಅಭ್ಯಾಸಬಲದಿಂದ ಎಲ್ಲರಿಗೂ ಒಂದೇ ರೀತಿ ಹೇಳಿ, ವ್ಯತ್ಯಾಸ ಕರಗಿಹೋಗುತ್ತದೆ. ‘ಬರುತ್ತೀರಾ?’ ಎಂದು ಕೇಳಿ ಪಡೆದ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ದಾಖಲೆ ಪುಸ್ತಕದಲ್ಲಿರುವ ಎರಡನೇ ಡೋಸ್‌ಗಳನ್ನು ಎಣಿಸಿ.

ಲಸಿಕೆ ಆ ದಿನದ ಕೆಲಸ. ಕೈತೊಳೆಯುವಂಥ ದಿನನಿತ್ಯದ ಅಭ್ಯಾಸವಾದರೆ ಲೆಕ್ಕ ಬೇರೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು 18ರಿಂದ 254 ದಿನ ಹಿಡಿಯಿತು, ಮಧ್ಯಾಂಕ 66 (ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತ ಹೆಚ್ಚು ದಿನ ಬೇಕಾಯಿತು). ಮೂರು ವಾರಕ್ಕೇ ಅಳೆದು ಕಡತ ಮುಚ್ಚಿದರೆ ಏನೂ ತಿಳಿಯುವುದಿಲ್ಲ.

ಸಂಖ್ಯೆ ಏರದಿದ್ದರೆ ಸಿದ್ಧಾಂತವನ್ನು ಬಿಡುವ ಮೊದಲು ಕಾರ್ಡ್ ನಡೆದ ಹಾದಿ ಹಿಡಿದು ಹೋಗಿ. ಅದು ಕೇಂದ್ರ ತಲುಪಿತೇ? ಗೆರೆ ತುಂಬಿದವೇ? ತುಂಬಿದ್ದು ಯಾರ ಕೈಬರಹ? ಇಪ್ಪತ್ತು ಕಾರ್ಡಿನಲ್ಲೂ ಸಿಬ್ಬಂದಿಯ ಒಂದೇ ಅಕ್ಷರ ಕಂಡರೆ, ನೀವು ಯೋಜಿಸಿದ ಉಪಾಯ ಇನ್ನೂ ಜಾರಿಗೇ ಬಂದಿಲ್ಲ.