‘ನೀನು’ ಎಂದು ಬರೆದು ಕೆಡಿಸಿದ ಪತ್ರಗಳು

ಫ್ರೆಂಚ್ ಲೇಖಕ ಲಾಕ್ಲೊನ ‘ಲೆ ಲಿಯೆಜೋಂ ದಾಂಜೆರೂಜ್’ (ಅಪಾಯಕಾರಿ ಸಂಬಂಧಗಳು) ಕಾದಂಬರಿಯನ್ನು ಕನ್ನಡಕ್ಕೆ ತರಲು ಕೂತಾಗ ಮೊದಲ ನಲವತ್ತು ಪತ್ರಗಳನ್ನು ನಾನು ಪೂರ್ತಿ ಕೆಡಿಸಿದ್ದೆ. 1782ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಈ ಪುಸ್ತಕದಲ್ಲಿ ಕಥೆ ಹೇಳುವವರು ಅಂತ ಯಾರೂ ಇಲ್ಲ. ಇರುವುದು 175 ಪತ್ರಗಳು. ಮೆರ್ತೈ ಎಂಬಾಕೆ ಮತ್ತು ವಾಲ್ಮೋಂ ಎಂಬಾತ ಒಂದು ಕಾಲದ ಪ್ರೇಮಿಗಳು. ಕಾನ್ವೆಂಟಿನಿಂದ ಆಗಷ್ಟೇ ಹೊರಬಂದ ಹದಿನೈದರ ಸೆಸಿಲ್‌ಳನ್ನು, ದೈವಭಕ್ತೆಯಾದ ಗೃಹಿಣಿ ತೂರ್ವೆಲ್‌ಳನ್ನು ಹೇಗೆ ಬಲೆಗೆ ಕೆಡವುವುದೆಂದು ಈಗ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಾರೆ. ಹಾಸಿಗೆ ಹಂಚಿಕೊಂಡವರು, ಪರಸ್ಪರರ ಗುಟ್ಟೆಲ್ಲ ಬಲ್ಲವರು, ಏಕವಚನದಲ್ಲೇ ಮಾತಾಡಲಿ ಎಂದು ‘ನೀನು’ ಹಾಕಿದೆ. ಫ್ರೆಂಚಿನಲ್ಲೂ ನಮ್ಮ ಹಾಗೆ ಎರಡು ಮಾತುಗಳಿವೆ: ‘ತು’ ಮತ್ತು ‘ವು’. ಲಾಕ್ಲೊ ಇವರಿಬ್ಬರ ಬಾಯಲ್ಲಿ ಇಟ್ಟಿದ್ದು ‘ವು’, ಅಂದರೆ ‘ನೀವು’. ಅದು ಆ ಕಾಲದ ದೊಡ್ಡ ಮನೆತನಗಳ ರೂಢಿ ಅಷ್ಟೇ, ಕನ್ನಡಕ್ಕೆ ಬೇಕಿಲ್ಲ ಎಂದುಕೊಂಡಿದ್ದೆ.

ಅಕ್ಕನಿಗೆ ಓದಿ ಹೇಳಿದೆ. “ಇವರು ಜಗಳ ಆಡೋ ಗಂಡ ಹೆಂಡ್ತಿ ಥರ ಇದಾರಲ್ಲೇ, ನೀನು ಹೇಳಿದ ಭಯ ಎಲ್ಲಿದೆ?” ಅಂದಳು.

ಆ ರಾತ್ರಿಯೇ ಒಂದು ಪತ್ರವನ್ನು ಬಹುವಚನಕ್ಕೆ ತಿರುಗಿಸಿ ನೋಡಿದೆ. ಮೈ ಜುಮ್ಮೆಂದಿತು. ಒಂದು ಹುಡುಗಿಯ ಬದುಕು ಹಾಳುಮಾಡುವ ಮಾತನ್ನು “ತಾವು ದಯಮಾಡಿ” ಎನ್ನುವ ಅದೇ ದನಿಯಲ್ಲಿ ಆಡುತ್ತಾರೆ. ಸಲಿಗೆ ಕೊಟ್ಟರೆ ಸೋತಂತೆ ಎಂಬುದು ಇಬ್ಬರಿಗೂ ಗೊತ್ತು. ನಲವತ್ತನ್ನೂ ಮೊದಲಿನಿಂದ ಬರೆದೆ.

ಹೆಚ್ಚು ದಿನ ತಿಂದದ್ದು 48ನೇ ಪತ್ರ. ಎಮಿಲಿ ಎಂಬ ವೇಶ್ಯೆಯ ಮೈಯನ್ನೇ ಮೇಜು ಮಾಡಿಕೊಂಡು ವಾಲ್ಮೋಂ ತೂರ್ವೆಲ್‌ಗೆ ಪ್ರೇಮಪತ್ರ ಬರೆಯುತ್ತಾನೆ. ಸಂಗತಿ ನಮಗೆ 47ರಲ್ಲೇ ತಿಳಿದಿರುತ್ತದೆ, ಆಕೆಗೆ ತಿಳಿಯದು. ಫಿರಂಗಿ ದಳದ ಅಧಿಕಾರಿಯಾಗಿದ್ದ ಲಾಕ್ಲೊ ಯಾವ ಪತ್ರ ಯಾವುದರ ಹಿಂದೆ ಬರಬೇಕೆಂದು ಗುರಿಯಿಟ್ಟೇ ಜೋಡಿಸಿದ್ದಾನೆ. ಒಂದೊಂದು ಪದವೂ ಆಕೆಗೆ ಆರಾಧನೆಯಾಗಿ, ನಮಗೆ ಹೇಸಿಗೆಯಾಗಿ ಕೇಳಬೇಕು. ‘ಉನ್ಮಾದ’ ಎಂದು ಬರೆದರೆ ಗುಟ್ಟು ಒಡೆಯಿತು. ‘ಭಾವಾವೇಶ’ ಎಂದರೆ ಕೊಳಕೆಲ್ಲ ತೊಳೆದುಹೋಯಿತು. ಕೊನೆಗೆ ‘ಮೈಮರೆವು’ ಸಿಕ್ಕಿತು. ಭಜನೆಯಲ್ಲಿ ಕೂತವರಿಗೂ ಅದೇ ಮಾತು, ಹಾಸಿಗೆಯಲ್ಲಿದ್ದವರಿಗೂ ಅದೇ.

ವಾಲ್ಮೋಂ ತೂರ್ವೆಲ್‌ಗೂ ‘ನೀವು’ ಎಂದೇ ಬರೆಯುತ್ತಾನೆ. ಆಕೆ ಸೋತು, ಅವನನ್ನು ನಂಬಿ, ಪ್ರೀತಿಸಿದ ಮೇಲೂ ಅಷ್ಟೇ. ಆಮೇಲೆ 141ನೇ ಪತ್ರದಲ್ಲಿ ಮೆರ್ತೈ ಅವನಿಗೊಂದು ಮಾದರಿ ಓಲೆ ಕಳಿಸುತ್ತಾಳೆ. ಅವನು ಅದನ್ನೇ ನಕಲು ಮಾಡಿ ತೂರ್ವೆಲ್‌ಗೆ ರವಾನಿಸುತ್ತಾನೆ. ಬೇಸರ ಬಂತು, ನನ್ನ ತಪ್ಪಲ್ಲ. ನಿನಗೆ ಮೋಸ ಮಾಡಿದೆ, ನನ್ನ ತಪ್ಪಲ್ಲ. ಆ ಓಲೆಯಲ್ಲಿರುವುದು ‘ತು’. ಆಕೆ ಅವನಿಂದ ಪಡೆಯುವ ‘ನೀನು’ ಇದೊಂದೇ, ಅದೂ ಬೇರೆ ಹೆಂಗಸು ಹೇಳಿಕೊಟ್ಟದ್ದು. ಮೊದಲಿನಿಂದ ‘ನೀನು’ ಬಳಸಿದ್ದರೆ ಈ ಪೆಟ್ಟು ಕನ್ನಡದಲ್ಲಿ ಬೀಳುತ್ತಲೇ ಇರಲಿಲ್ಲ. ಇಲ್ಲಿ ನಾನು ಒಂದು ಅಕ್ಷರವನ್ನೂ ಮೆತ್ತಗೆ ಮಾಡಲಿಲ್ಲ.

153ರಲ್ಲಿ ವಾಲ್ಮೋಂ ಹಾಕುವ ಬೆದರಿಕೆಗೆ ಮೆರ್ತೈ ಅದೇ ಕಾಗದದ ಕೆಳಗೆ ಬರೆಯುವ ಉತ್ತರ ಅರ್ಧ ಸಾಲು: “ಸರಿ, ಯುದ್ಧವೇ ಆಗಲಿ.” ಅದಕ್ಕೆ ಕಷ್ಟಪಡಬೇಕಾಗಲಿಲ್ಲ.

ಕಷ್ಟವಾದದ್ದು 161. ಸಾಯುವ ಹೊತ್ತಿನಲ್ಲಿ ತೂರ್ವೆಲ್ ದಾಸಿಯ ಕೈಯಲ್ಲಿ ಬರೆಸುವ ಪತ್ರವದು, ಯಾರಿಗೆಂದು ಹೆಸರಿಲ್ಲ. ಬುದ್ಧಿ ಕದಡಿ ‘ನೀನು’ ಎಂದು ಬೈಯುತ್ತಾಳೆ, ಅಪ್ಪಿಕೋ ಎಂದು ಕರೆಯುತ್ತಾಳೆ, ಮತ್ತೆ ದೂಡುತ್ತಾಳೆ. ಕೊನೆಯಲ್ಲಿ ತಟ್ಟನೆ ‘ನೀವು’ ಮರಳಿ ಬರುತ್ತದೆ: “ಅದ್ಯೂ, ಮಸ್ಯೂ.” ಅಂದರೆ ಕೊನೆಯ ವಿದಾಯ. ನಾವು ಹೊರಡುವಾಗ ‘ಬರ್ತೀನಿ’ ಎನ್ನುತ್ತೇವೆಯೇ ಹೊರತು ‘ಹೋಗ್ತೀನಿ’ ಎನ್ನುವುದಿಲ್ಲ, ಅಪಶಕುನ. ಅಮ್ಮ ಅದಕ್ಕೆ ಎಷ್ಟು ಸಲ ಗದರಿದ್ದಳೋ. ಕೈ ನಡುಗುತ್ತಲೇ ಬರೆದೆ: “ಹೋಗುತ್ತೇನೆ, ಸ್ವಾಮಿ.”