ನಿಮ್ಮಲ್ಲಿ ಓನರ್ ಎಷ್ಟು ಜನ?

ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಇಂಗ್ಲಿಷ್ ಮೇಲ್ ಬರೆಯುವ ಕೆಲಸ ನನ್ನದು. ಸೇರಿದ ಹೊಸದರಲ್ಲಿ ಪುಣೆಯ ಪಾರ್ಟಿಯೊಬ್ಬರಿಗೆ ಹೀಗೆ ಬರೆದೆ: ‘ಅವರ್ ಓನರ್ ಈಸ್ ಔಟ್ ಆಫ್ ಸ್ಟೇಷನ್. ದೇ ವಿಲ್ ಕಾಲ್ ಯು ಆನ್ ಮಂಡೇ.’ ಆ ಕಡೆಯಿಂದ ಫೋನ್ ಬಂತು: ‘ನಿಮ್ಮಲ್ಲಿ ಓನರ್ ಎಷ್ಟು ಜನ?’

ನಾನು ಮರ್ಯಾದೆ ಕೊಟ್ಟಿದ್ದೆ ಅಷ್ಟೇ. ಸಾಹುಕಾರರನ್ನು ‘ಹಿ’ ಅಂದರೆ ‘ಅವನು’ ಅಂದ ಹಾಗೆ ಕೇಳಿಸುತ್ತಿತ್ತು. ಆದರೆ ಇಂಗ್ಲಿಷಿನಲ್ಲಿ ಗಂಡಸು ಎಷ್ಟೇ ದೊಡ್ಡವರಾದರೂ ‘ಹಿ’, ಹೆಂಗಸಾದರೆ ‘ಶಿ’. ಗೌರವವನ್ನು ‘ಮಿಸ್ಟರ್’, ‘ಸರ್’ಗಳಲ್ಲಿ ಇಟ್ಟುಕೊಳ್ಳಬೇಕು. ಒಬ್ಬರಿಗೇ ‘ದೇ’ ಬಳಸುವುದು ಇಲ್ಲವೆಂದಲ್ಲ. ಯಾರೆಂದು ತಿಳಿಯದಾಗ ‘ಸಮ್‌ಒನ್ ಲೆಫ್ಟ್ ದೇರ್ ಬ್ಯಾಗ್’ ಅನ್ನುತ್ತಾರೆ. 14ನೇ ಶತಮಾನದಿಂದಲೇ ಈ ಬಳಕೆ ಇದೆ. ಕೆಲವರು ತಮಗೆ ‘ದೇ’ ಅನ್ನಿ ಅಂತಲೇ ಕೇಳಿಕೊಳ್ಳುತ್ತಾರೆ. ನಮ್ಮ ‘ಅವರು’ ಮಾತ್ರ ಆ ‘ದೇ’ ಅಲ್ಲ. ಪುಣ್ಯಕ್ಕೆ ‘ಯು’ನಲ್ಲಿ ಈ ತಾಪತ್ರಯ ಇಲ್ಲ, ನೀನೂ ಅದೇ, ನೀವೂ ಅದೇ.

ಇನ್ನೊಂದು ರೋಗ ಸ್ಕೂಲಿನಿಂದಲೇ ಬಂದದ್ದು. ‘ಮಿ ಅಂಡ್ ಮೈ ಫ್ರೆಂಡ್ ವೆಂಟ್’ ಅಂದಾಗಲೆಲ್ಲ ಬೈಸಿಕೊಂಡು, ಕೊನೆಗೆ ಎಲ್ಲ ಕಡೆ ‘ಅಂಡ್ ಐ’ ಹಾಕತೊಡಗಿದ್ದೆ. ‘ಸೆಂಡ್ ದ ಬಿಲ್ ಟು ದ ಮ್ಯಾನೇಜರ್ ಅಂಡ್ ಐ’ ಅಂತ ಎಷ್ಟು ಮೇಲ್ ಹೋಗಿವೆಯೋ! ಈಗ ಜೊತೆಯವರನ್ನು ತೆಗೆದು ಓದುತ್ತೇನೆ. ‘ಸೆಂಡ್ ದ ಬಿಲ್ ಟು ಐ’ ಅನ್ನುವುದನ್ನು ಕಿವಿಯೇ ಒಪ್ಪಲ್ಲ, ಹಾಗಾಗಿ ‘ಮಿ’. ‘ಬಿಟ್ವೀನ್ ಯು ಅಂಡ್ ಮಿ’ಗೆ ಮಾತ್ರ ಈ ಉಪಾಯ ನಡೆಯಲ್ಲ. ನಡುವೆ ಅನ್ನಬೇಕಾದರೆ ಇಬ್ಬರು ಬೇಕಲ್ವಾ? ಅಲ್ಲಿ ಇಬ್ಬರನ್ನೂ ಸೇರಿಸಿ ನೋಡುತ್ತೇನೆ: ‘ಬಿಟ್ವೀನ್ ಅಸ್’ ಸರಿ, ‘ಬಿಟ್ವೀನ್ ವಿ’ ತಪ್ಪು. ‘ವಿ’ ಕೂರದ ಕಡೆ ‘ಐ’ ಕೂಡ ಕೂರಲ್ಲ.

ಕನ್ನಡಕ್ಕೆ ತಿರುಗಿಸಿ ನೋಡಿದರೂ ಜಾಸ್ತಿ ಸಲ ಉತ್ತರ ಸಿಗುತ್ತದೆ: ‘ನಾನು’ ಬಂದರೆ ‘ಐ’, ‘ನನ್ನನ್ನು’, ‘ನನಗೆ’ ಬಂದರೆ ‘ಮಿ’. ಆದರೆ ‘ನನಗೆ’ ನಂಬಿಕೆಗೆ ಅರ್ಹವಲ್ಲ. ‘ನನಗೆ ಗೊತ್ತು’, ‘ನನಗೆ ಬೆಣ್ಣೆ ದೋಸೆ ಇಷ್ಟ’, ‘ನನಗೆ ಹಸಿವು’, ಇವೆಲ್ಲ ಅಲ್ಲಿ ‘ಐ’ನಿಂದಲೇ ಶುರುವಾಗುತ್ತವೆ.

ಇಷ್ಟಾದರೂ ಸಾಹುಕಾರರ ಬಗ್ಗೆ ‘ಹಿ’ ಅಂತ ಟೈಪ್ ಮಾಡುವಾಗ ಈಗಲೂ ಒಮ್ಮೆ ಅವರ ಕ್ಯಾಬಿನ್ ಕಡೆ ನೋಡುತ್ತೇನೆ.